ಕೌಂಡಿನ್ಯಕ್ಕ ವರ್ಷ ತುಂಬತೈತಿ, ಕಾರವಾರದಾಗ ಹಡಗಿನ ಜಾತ್ರಿ ಮಾಡಿದ್ರ ಹುಬ್ಬಳ್ಳಿ-ಧಾರವಾಡದವರು ಹೋಗ್ತೀರೇನು?

ಉಣಕಲ್ ದಂಡಿ:
2026ರ ಮೇ 21ಕ್ಕ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿ ಒಂದು ವರ್ಷ. ಮೊಳಿ ಹೊಡೀಲಾರದ, ತೆಂಗಿನ ನಾರಿನ ಹಗ್ಗದಾಗ ಹಲಗಿ ಹೊಲಿದು ಕಟ್ಟಿದ ಹಾಯಿ ಹಡಗು ಅದು. ಅಜಂತಾ ಗವಿಯೊಳಗಿನ 5ನೇ ಶತಮಾನದ ಚಿತ್ರ ಇಟಗೊಂಡು ಗೋವಾದಾಗ ಕಟ್ಯಾರ. 2025ರ ಮೇ 21ಕ್ಕ ಕಾರವಾರದಾಗ ನೌಕಾಪಡೆಯವರು ಸೇರಿಸಿಕೊಂಡ್ರು. ಡಿಸೆಂಬರ್ 29ಕ್ಕ ಪೋರಬಂದರ್ ಬಿಟ್ಟು 2026ರ ಜನವರಿ 14ಕ್ಕ ಮಸ್ಕತ್ ಮುಟ್ಟಿತು. ಎಂಜಿನ್ ಇಲ್ಲ, ಮಲಗಾಕ ಕ್ಯಾಬಿನ್ ಇಲ್ಲ, ಬರೇ ಗಾಳಿ ಮ್ಯಾಲ ನಡಿಯೂದು.

ಯುರೋಪಿನ ಕಡೆ ಇಂಥಾ ಹಳೇ ನಮೂನಿ ಹಡಗಿಗೆ ವರ್ಷಾ ವರ್ಷಾ ಬಂದರದಾಗ ಹಬ್ಬ ಮಾಡ್ತಾರ. ಹಾಡು, ಊಟ, ಹಗ್ಗ ಹೊಸಿಯೋದು ತೋರಸೋದು, ಹುಡುಗರನ್ನ ಹತ್ತಿಸಿಕೊಂಡು ಒಂದು ಸುತ್ತು. ಕಾರವಾರ ನಮಗ ಒಂದು ಘಟ್ಟ ಇಳಿದ್ರ ಬಂತು. ಅಲ್ಲಿ ಯಾಕ ಆಗಬಾರದು? ಆದ್ರ ನಾವು ಹೋಗ್ತೀವೇನು, ಇಲ್ಲಾ ಮೊಬೈಲಿನ್ಯಾಗ ನೋಡಿ ಲೈಕ್ ಒತ್ತಿ ಮಲಗ್ತೀವೇನು?

ದುರ್ಗದಬೈಲ್ ಗಿರ್ಮಿಟ್:
ಕಾರವಾರಕ್ಯಾಕ ಹೋಗೂದ್ರಿ, ಉಣಕಲ್ ಕೆರ‍್ಯಾಗ ಬೋಟಿಂಗ್ ಐತಲ್ಲ. ಒಂದು ಪೆಡಲ್ ಬೋಟಿಗೆ ಲುಂಗಿ ಕಟ್ಟಿದ್ರ ಹಾಯಿ ಹಡಗು ತಯಾರು.

ಲೆಕ್ಕಪತ್ರ:
ನೇರವಾಗಿ ಕೇಳ್ತೀನಿ. ದುಡ್ಡು ಯಾರದು? ಹಡಗು ಕಟ್ಟಿದ್ದು ಕೇಂದ್ರ ಸಂಸ್ಕೃತಿ ಇಲಾಖೆಯ ಹಣದಲ್ಲಿ. ಈಗ ಅದಕ್ಕೆ ಹುಟ್ಟುಹಬ್ಬ ಬೇರೆ. ಪ್ರತಿ ವರ್ಷ ವೇದಿಕೆ, ಶಾಲು, ಹಾರ, ಮಂತ್ರಿಗಳ ಭಾಷಣ. ಹಡಗು ನೋಡೋಕೆ ಬಂದವರು ಬ್ಯಾನರ್ ನೋಡಿ ವಾಪಸ್ ಹೋಗ್ತಾರೆ. ಉತ್ಸವಗಳು ಹೇಗೆ ನಡೀತವೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಷಯ.

ಸಾಧನಕೇರಿ ಮಳಿ:
ಲೆಕ್ಕಪತ್ರ ಅವರ, ಶಾಲು-ಹಾರದ ಮಾತು ಖರೇ ಅದ. ಹಂಗಂತ ಹಬ್ಬಾನ ಬ್ಯಾಡ ಅಂದ್ರ ಹೆಂಗ?

ಇನ್ನೊಂದು ಹೇಳತೀನಿ. ಆ ಹಡಗಿನ ಹಾಯಿ ಮ್ಯಾಲ ಏನದ ನೋಡೀರೇನು? ಗಂಡಭೇರುಂಡ, ಜೋಡಿಗೆ ಸೂರ್ಯ. ಮೂತಿಗೆ ಕೆತ್ತಿದ ಸಿಂಹ-ಯಾಳಿ. ಹರಪ್ಪಾ ನಮೂನಿ ಕಲ್ಲಿನ ಲಂಗರು ಒಂದು ಡೆಕ್ ಮ್ಯಾಲ. ಗಂಡಭೇರುಂಡ ಅಂದ್ರ ನಮ್ಮ ರಾಜ್ಯದ ಲಾಂಛನ. ಬ್ಯಾರೇ ರಾಜ್ಯದವರಾಗಿದ್ರ ಇಷ್ಟೊತ್ತಿಗೆ ಅದನ್ನ ಟೀ ಶರ್ಟ್ ಮ್ಯಾಲ ಹಾಕಿ ಮಾರಿರತಿದ್ರು. ಕರ್ನಾಟಕದಾಗ ಎಷ್ಟು ಮಂದಿಗೆ ಇದು ಗೊತ್ತದ?

ಬ್ಯಾಡಗಿ ಖಾರ:
ಗಂಡಭೇರುಂಡ ಕದಂಬರದು ಅಂತ ವಾಟ್ಸಾಪ್‌ನಾಗ ಬಂದಿತ್ತು. ಬನವಾಸಿ ಕದಂಬರು ಅಂದ್ರ ನಮ್ಮ ಹಾವೇರಿ ಬಾಜೂಕ. ಹೆಮ್ಮೆ!

ಕಲ್ಬರಹ:
ವಾಟ್ಸಾಪ್ ಇತಿಹಾಸಕ್ಕೆ ಸ್ವಲ್ಪ ಬ್ರೇಕ್ ಹಾಕೋಣ. ಕದಂಬರ ಮುದ್ರೆ ಅಂದರೆ ಮೊದಲು ನೆನಪಾಗಬೇಕಾದ್ದು ಸಿಂಹ. ಗೋವಾ ಕದಂಬರ ನಾಣ್ಯ ನೋಡಿ, ಗೋವಾದ ಸರ್ಕಾರಿ ಬಸ್ಸಿನ ಮೇಲೂ ಅದೇ ಸಿಂಹ. ಗಂಡಭೇರುಂಡ ನಿಮಗೆ ಕಣ್ಣಾರೆ ಬೇಕು ಅಂದರೆ ಹಾವೇರಿಯಿಂದ ಬಳ್ಳಿಗಾವಿಗೆ ಹೋಗಿ. ಅಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಆಮೇಲೆ ವಿಜಯನಗರದ ಅಚ್ಯುತರಾಯನ ನಾಣ್ಯ, ಕೆಳದಿ ದೇವಸ್ಥಾನದ ಛಾವಣಿ, ಮೈಸೂರು ಒಡೆಯರು ಅಂತ ಮುಂದುವರಿಯುತ್ತೆ.

ಕದಂಬರಿಗೆ ಸಮುದ್ರದ ನಂಟು ಇದ್ದದ್ದು ನಿಜ. ಹಡಗಿನ ಯುದ್ಧ ಕೆತ್ತಿದ ವೀರಗಲ್ಲುಗಳು ಗೋವಾದಲ್ಲಿವೆ. ಕಾರವಾರದ ನೌಕಾನೆಲೆಗೆ ಐಎನ್‌ಎಸ್ ಕದಂಬ ಅಂತ ಹೆಸರಿಟ್ಟಿದ್ದೂ ಸುಮ್ಮನೆ ಅಲ್ಲ. ಹೆಮ್ಮೆಪಡೋಕೆ ಇಷ್ಟು ಸಾಲದಾ? ಇಲ್ಲದ್ದನ್ನ ಯಾಕೆ ಅಂಟಿಸಬೇಕು?

ಬ್ಯಾಡಗಿ ಖಾರ:
ಆತ್ರಿ ಮಾಸ್ತರ. ಸಿಂಹಾನೂ ನಮ್ದ, ಗಂಡಭೇರುಂಡಾನೂ ನಮ್ದ.

ಉಣಕಲ್ ದಂಡಿ:
ಕಲ್ಬರಹ ಅವರ, ಐಹೊಳಿ ಶಾಸನದಾಗ ಹಡಗಿನ ಮಾತು ಐತಿ ಅಂತಾರಲ್ಲ, ಅದೇನು?

ಕಲ್ಬರಹ:
ಇದೆ. ಮೇಗುತಿ ಜಿನಾಲಯದ ಗೋಡೆ ಮೇಲೆ, 634ರದ್ದು, ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿ ಪಟ್ಟಣವನ್ನ ಮದ್ದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದ ಅಂತ ಬರುತ್ತೆ. ಈ ಪುರಿ ಒಡಿಶಾದ್ದಲ್ಲ, ಕೊಂಕಣದ್ದು. ಬಾದಾಮಿಯಲ್ಲಿ ಕೂತವನಿಗೆ ನೂರಾರು ಹಡಗು ಎಲ್ಲಿಂದ ಬಂದವು, ಯಾರು ಕಟ್ಟಿದರು, ಅದು ಮಾತ್ರ ಶಾಸನದಲ್ಲಿಲ್ಲ. ಅದೇ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘದ್ದು ಸುಮಾತ್ರಾದ ಬಾರೂಸ್‌ನಲ್ಲಿ 1088ರ ಶಾಸನ ಇದೆ. ತಮಿಳಿನಲ್ಲಿದೆ, ಆದರೆ ಸಂಘದ ಬೇರು ನಮ್ಮ ಕಡೇದು. ಸಮುದ್ರ ನಮಗೆ ದೂರ ಅನ್ನೋದು ಇತ್ತೀಚಿನ ಮಾತು.

ಹತ್ತಿ ಅಡತ್:
ಗದಗಿನವ ನಾನು. ಐಹೊಳಿ ತನಕ ಯಾಕ ಹೋಗ್ತೀರಿ, ನೂರೈವತ್ತು ವರ್ಷದ ಹಿಂದಿಂದ ಕೇಳ್ರಿ. ಧಾರವಾಡ, ಹುಬ್ಬಳ್ಳಿ, ಗದಗ ಸೀಮಿ ಹತ್ತಿ ಹಡಗು ಹತ್ತತಿದ್ದದ್ದು ಕುಮಟಾ ಬಂದರದಾಗ. ಅದಕ್ಕ ಮುಂಬಯಿ ಪ್ಯಾಟ್ಯಾಗ ನಮ್ಮ ನೆಲದ ಹತ್ತಿಗೆ ‘ಕುಮಟಾ’ ಅಂತ ಹೆಸರ ಬಿತ್ತು. ಬೆಳದವರು ನಾವು, ಹೆಸರು ಬಂದರದ್ದು! 1840ರ ದಶಕದಾಗ ಅಮೆರಿಕಾದ ಬೀಜ ತಂದು ಬಿತ್ತಿದ್ರು, ಅದು ‘ಧಾರವಾಡ ಅಮೆರಿಕನ್’ ಆತು. 1861ಕ್ಕ ಅಮೆರಿಕಾದಾಗ ಯುದ್ಧ ಹತ್ತಿ ಅಲ್ಲಿ ಹತ್ತಿ ನಿಂತಿತು, ನೋಡ್ರಿ ಇಲ್ಲಿ ರೇಟು! ಬಂಡಿ ಗಾಲಿಗೆ ಬೆಳ್ಳಿ ಪಟ್ಟಿ ಹಾಕಿಸಿದ್ರು ಅನ್ನೋ ಕಥಿ ನಮ್ಮ ಹಿರ್ಯಾರು ಇನ್ನೂ ಹೇಳ್ತಾರ.

ಉತ್ತರ ಕನ್ನಡವನ್ನ 1862ರಾಗ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕ ಸೇರಿಸಿದ್ದು ಯಾಕ ಗೊತ್ತೈತೇನು? ಕಾರವಾರ ಬಂದರ ಬೆಳಸಿ ಈ ಹತ್ತಿ ಸಾಗಸಬೇಕಂತ. ಆಮ್ಯಾಲ 1880ರ ದಶಕದ ಕೊನಿಗೆ ರೈಲು ಬಂತು, ಮಾಲೆಲ್ಲಾ ಮಾರ್ಮಗೋವಾ ಕಡೆ ತಿರುಗಿತು, ಕಾರವಾರ ಬಡವಾತು.

ಅದಕ್ಕ ಹಬ್ಬ ಮಾಡೂದಾದ್ರ ಬಂದರದಾಗ ಒಂದು ಹತ್ತಿ ಅಂಡಿಗಿ ಇಡ್ರಿ. ನಮ್ಮ ಪಾಲು ಅಲ್ಲಿ ಐತಿ.

ಉಣಕಲ್ ದಂಡಿ:
ಇದು ಬರೀರಿ ಅಂತ ನಾ ಕೇಳಿದ್ದು! ಕಾರವಾರದ ಹಬ್ಬ ಕರಾವಳಿಯವರದಷ್ಟ ಅಲ್ಲ ಅಂತ ಹೇಳಾಕ ಇದಕ್ಕಿಂತ ಬ್ಯಾರೇ ಬೇಕಿಲ್ಲ.

ಸಿಬಿಟಿ ಕೊನೇ ಬಸ್:
ರೈಲು ಅಂದ್ರಲ್ಲ, ಹುಬ್ಬಳ್ಳಿ-ಅಂಕೋಲಾ ರೈಲು ಯಾವಾಗ್ರಿ? 1990ರ ದಶಕದಿಂದ ಕೇಳಾಕತ್ತೀವಿ.

ದುರ್ಗದಬೈಲ್ ಗಿರ್ಮಿಟ್:
ಅಂಕೋಲಾ ರೈಲಿಗಿಂತ ಮೊದಲ ಉಣಕಲ್‌ನಿಂದ ಹಡಗು ಬಿಡ್ತಾರ ನೋಡ್ರಿ.

ಸಾಧನಕೇರಿ ಮಳಿ:
ರೈಲಿನ ಮಾತು ಬ್ಯಾಡ್ರಿ ಇಲ್ಲಿ, ಕಾಡು ಉಳೀಬೇಕು ಅನ್ನೋವರು, ರೈಲು ಬೇಕು ಅನ್ನೋವರು ಕೂಡಿ ಜಗಳಾಡಿ ಹಡಗು ಮುಳಗಸ್ತಾರ.

ಅಂಕೋಲೆಯವಳು:
ನಾನು ಅಂಕೋಲೆಯವಳು, ಈಗ ವಿದ್ಯಾನಗರದಲ್ಲಿ ಇರೋದು. ಎಲ್ಲರೂ ಹೊಲಿದ ಹಡಗು ಅಂದ್ರೆ ಅಜಂತಾದಿಂದ ಉದುರಿ ಬಿದ್ದ ಅದ್ಭುತ ಅನ್ನೋ ಹಾಗೆ ಮಾತಾಡ್ತಿದ್ದೀರಿ ಮಾರಾಯ್ರೆ. ನಮ್ಮ ಕಡೆಯ ರಂಪಣಿ ದೋಣಿ, ಅಂದ್ರೆ ದಡದಿಂದ ಎಳೆಯೋ ದೊಡ್ಡ ಬಲೆಯ ದೋಣಿ, ಹೊಲಿದದ್ದೇ. ನಮ್ಮಜ್ಜನ ಮನೆ ಮುಂದೆ ಮಳೆಗಾಲದಲ್ಲಿ ತೆಂಗಿನ ಗರಿ ಹೊದೆಸಿ ಇಡ್ತಿದ್ರು. ಹೊಲಿಗೆ ಸಡಿಲಾದ ಕಡೆ ಬಿಚ್ಚಿ ಮತ್ತೆ ಹೊಲೀತಿದ್ರು, ಅದನ್ನ ಕೂತು ನೋಡಿದ್ದೇನೆ. ಒಬ್ಬ ದೋಣಿ ಒಳಗೆ, ಒಬ್ಬ ಹೊರಗೆ. ಹಲಗೆ ಅಂಚಿನ ತೂತಿನಿಂದ ಹಗ್ಗ ಆಚೆ ಹೋಗ್ಬೇಕು, ಈಚೆ ಬರ್ಬೇಕು. ಸಂದಿಯ ಮೇಲೆ ನಾರಿನ ಸಿಂಬಿ ಇಟ್ಟು ಅದರ ಮೇಲೆ ಹೊಲಿಗೆ. ಹೊರಗಿನವ ಹಲಗೆಗೆ ಕಾಲು ಕೊಟ್ಟು, ಹಗ್ಗವನ್ನ ಕೋಲಿಗೆ ಸುತ್ತಿ ಜಗ್ಗಿದ್ರೆ ಇಡೀ ದೋಣಿ ಕಿರ್ ಅಂತಿತ್ತು. ಆಮೇಲೆ ತೂತಿಗೆ ನಾರು ಗಿಡಿದು ಮೀನೆಣ್ಣೆ ಬಳಿಯೋದು. ಆ ವಾಸನೆ ಪಕ್ಕದ ಕೇರಿಗೂ ಹೋಗ್ತಿತ್ತು, ಊಟಕ್ಕೆ ಕೂತವರು ಬೈತಿದ್ರು.

ಮೊಳೆ ಹೊಡೆದ ದೋಣಿ ಮರಳಿಗೆ ಬಡಿದ್ರೆ ಸೀಳ್ತದೆ, ಹೊಲಿದದ್ದು ಸ್ವಲ್ಪ ಬಾಗಿ ಕೊಡ್ತದೆ. ಅಲೆ ಒಡೆಯೋ ದಂಡೆಗೆ ದಿನಾ ಎಳೆದು ಹಾಕೋ ದೋಣಿಗೆ ಅದೇ ಬೇಕು. ಉಪ್ಪುನೀರಿಗೆ ಮೊಳೆ ತುಕ್ಕು ಹಿಡೀತದೆ, ನಾರು ನೆನೆದಷ್ಟೂ ಉಬ್ಬಿ ಬಿಗಿ ಆಗ್ತದೆ.

ಲೆಕ್ಕಪತ್ರ:
ಇದು ಸ್ವಾರಸ್ಯ. ಹಾಗಿದ್ರೆ ಕೌಂಡಿನ್ಯ ಹೊಲಿಯೋಕೆ ಕೇರಳದವರನ್ನ ಯಾಕೆ ಕರೆಸಿದ್ರು?

ಅಂಕೋಲೆಯವಳು:
ನಮ್ಮಲ್ಲಿ ಹೊಲಿಯೋ ಕೈ ಉಳಿದಿದ್ರೆ ತಾನೆ? 70ರ ದಶಕದಲ್ಲಿ ಮೀನಿನ ಹಿಂಡಿಗೆ ಸುತ್ತ ಬಲೆ ಹಾಕೋ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಬಲೆಯೇ ಮೂಲೆ ಸೇರ್ತು. ರಂಪಣಿ ಎಳೆಯೋಕೆ ಇಡೀ ಕೇರಿ ಸೇರ್ಬೇಕಿತ್ತು, ಪಾಲು ಇಡೀ ಕೇರಿಗೆ. ಬಲೆ ಹೋದ ಮೇಲೆ ದೋಣಿ ಯಾರಿಗೆ ಬೇಕು? ಇರೋ ದೋಣಿಗೂ ಈಗ ಫೈಬರ್. ಕೌಂಡಿನ್ಯ ಹೊಲಿದವರು ಬಾಬು ಶಂಕರನ್ ಅವರ ತಂಡ. ಸಾವಿರಾರು ಹೊಲಿಗೆ, ಎಲ್ಲಾ ಕೈಯಲ್ಲೇ. ಹಬ್ಬ ಮಾಡಿದ್ರೆ ಮೊದಲ ಶಾಲು ಅವರಿಗೆ ಹಾಕ್ಲಿ, ಆಗ ಲೆಕ್ಕಪತ್ರ ಅವರೂ ತಕರಾರು ಮಾಡೋದಿಲ್ಲ ಅಂದ್ಕೊಳ್ತೇನೆ.

ಲೆಕ್ಕಪತ್ರ:
ಆ ಒಂದು ಶಾಲಿಗೆ ನನ್ನ ಒಪ್ಪಿಗೆ ಇದೆ. ಬಿಲ್ ಇಟ್ಕೊಳ್ಳಿ.

ಡೆಲ್ಫ್ಟ್ ಧಾರವಾಡಿ:
ನೆದರ್ಲೆಂಡ್ಸ್‌ನಿಂದ ಬರೀತಿದ್ದೀನಿ, ಮೂಲ ಮಾಳಮಡ್ಡಿ. ಇಲ್ಲಿ ಲೆಲಿಸ್ಟಾಡ್‌ನಲ್ಲಿ ‘ಬಟಾವಿಯಾ’ ಅನ್ನೋ ಹಡಗಿನ ಪ್ರತಿಕೃತಿ ಇದೆ. ಮೂಲ ಹಡಗು 1629ರಲ್ಲಿ ಆಸ್ಟ್ರೇಲಿಯಾ ಹತ್ತಿರ ಒಡೆದುಹೋದದ್ದು. ವಿಲಂ ವೋಸ್ ಅನ್ನೋ ಬಡಗಿ 1985ರಲ್ಲಿ ಇದನ್ನ ಕಟ್ಟೋಕೆ ಶುರು ಮಾಡಿ, ಕೆಲಸವಿಲ್ಲದ ಹುಡುಗರಿಗೆ ಕಲಿಸ್ತಾ ಕಲಿಸ್ತಾ 1995ರಲ್ಲಿ ನೀರಿಗಿಳಿಸಿದರು. ಕಟ್ಟುವಾಗಲೇ ಜನ ಟಿಕೆಟ್ ಕೊಟ್ಟು ನೋಡೋಕೆ ಬರ್ತಿದ್ರು. ನಾನು ಹೋದಾಗ ನನ್ನ ಮಗ ಹಡಗಿಗಿಂತ ಹಗ್ಗ ಹೊಸೆಯೋ ಜಾಗದಲ್ಲೇ ಹೆಚ್ಚು ಹೊತ್ತು ಇದ್ದ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದು ವರ್ಷಕ್ಕೊಮ್ಮೆ ‘ಸೇಲ್’ ಹಬ್ಬ ಆಗುತ್ತೆ. 2020ರದ್ದು ಕೋವಿಡ್‌ಗೆ ನಿಂತು 2025ರ ಆಗಸ್ಟ್‌ನಲ್ಲಿ ಮತ್ತೆ ಆಯ್ತು, ಕಾಲಿಡೋಕೆ ಜಾಗ ಇಲ್ಲ.

ಒಂದು ಎಚ್ಚರಿಕೆ. ಹಬ್ಬಕ್ಕಿಂತ ರಿಪೇರಿ ದೊಡ್ಡದು. ಫ್ರಾನ್ಸಿನ ‘ಎರ್ಮಿಯೋನ್’ 2015ರಲ್ಲಿ ಅಮೆರಿಕಕ್ಕೆ ಹೋಗಿ ಬಂತು, ಬಂದರು ಬಂದರಿನಲ್ಲಿ ಮೆರವಣಿಗೆ. 2021ರಲ್ಲಿ ದುರಸ್ತಿಗೆ ನೀರಿನಿಂದ ಮೇಲೆತ್ತಿ ನೋಡಿದರೆ ಒಳಗೆ ಮರಕ್ಕೆ ಶಿಲೀಂಧ್ರ ಹತ್ತಿ ಕೊಳೀತಾ ಇದೆ. ಆಮೇಲೆ ವರ್ಷಗಟ್ಟಲೆ ಚಂದಾ ಎತ್ತೋದೇ ಕೆಲಸ ಆಯ್ತು. ಹಬ್ಬದ ಟಿಕೆಟ್ ಹಣ ಹಡಗಿನ ಹಲಗೆಗೆ ಹೋಗುತ್ತೆ ಅಂತ ಮೊದಲೇ ಬರೆದಿಡಬೇಕು.

ಲೆಕ್ಕಪತ್ರ:
ಇದನ್ನೇ ನಾನು ಹೇಳ್ತಿದ್ದದ್ದು! ಯಾರೂ ಕೇಳಲಿಲ್ಲ.

ಸಿಬಿಟಿ ಕೊನೇ ಬಸ್:
ನೀವು ಹೇಳಿದ್ದು ಶಾಲು-ಹಾರದ ಬಗ್ಗೆ ಸರ. ಹಲಗಿ ಬಗ್ಗೆ ಅವರು ಹೇಳಿದ್ದು.

ಕಲ್ಬರಹ:
ಬಟಾವಿಯಾಕ್ಕೂ ಕೌಂಡಿನ್ಯಕ್ಕೂ ಒಂದು ವ್ಯತ್ಯಾಸ ಇದೆ. ಬಟಾವಿಯಾದ ಒಡೆದ ಹಡಗಿನ ಭಾಗವೇ ಸಮುದ್ರದ ತಳದಲ್ಲಿ ಸಿಕ್ಕಿದೆ. ಕೌಂಡಿನ್ಯಕ್ಕೆ ಸಿಕ್ಕಿದ್ದು ಗೋಡೆ ಮೇಲಿನ ಒಂದು ಬಣ್ಣದ ಚಿತ್ರ. ನಕ್ಷೆ ಇಲ್ಲ, ಅವಶೇಷ ಇಲ್ಲ. ಐಐಟಿ ಮದ್ರಾಸಿನವರು ನೀರಿನಲ್ಲಿ ಹೇಗೆ ನಿಲ್ಲುತ್ತೆ ಅಂತ ಪರೀಕ್ಷೆ ಮಾಡಿದ ಮೇಲೆ ಆಕಾರ ಗಟ್ಟಿಯಾಯ್ತು. ‘ಇದೇ ಪುಲಕೇಶಿಯ ಹಡಗು’ ಅಂತ ಹಬ್ಬದ ಬ್ಯಾನರ್‌ನಲ್ಲಿ ಬರೆದರೆ ನಾನು ಬಂದು ಹರಿದು ಹಾಕ್ತೀನಿ.

ದುರ್ಗದಬೈಲ್ ಗಿರ್ಮಿಟ್:
ಬರೂದಂತೂ ಪಕ್ಕಾ ಆತಲ್ಲ. ಒಂದು ಸೀಟ್ ಬುಕ್.

ಉಣಕಲ್ ದಂಡಿ:
ಈಗ ದಿನದ ಮಾತಿಗೆ ಬರೂಣು. ಮೇ 21?

ಅಂಕೋಲೆಯವಳು:
ಮೇ 21 ಬೇಡವೇ ಬೇಡ. ಸೆಕೆಗೆ ಜೀವ ಹೋಗ್ತದೆ, ಗಾಳಿ ತಿರುಗ್ತಾ ಇರ್ತದೆ, ಸಮುದ್ರ ಒರಟಾಗೋಕೆ ಶುರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ಬಂದ್. ಮೇ ಕೊನೆಗೆ ನಮ್ಮವರೆಲ್ಲ ಬೋಟು ದಡಕ್ಕೆ ತರೋ ಗಡಿಬಿಡಿಯಲ್ಲಿರ್ತಾರೆ. ಬಂದರಿನ ಹಬ್ಬಕ್ಕೆ ಮೀನುಗಾರರೇ ಬರದಿದ್ರೆ ಅದು ಎಂಥ ಬಂದರಿನ ಹಬ್ಬ?

ಹತ್ತಿ ಅಡತ್:
ಹಂಗಾದ್ರ ಡಿಸೆಂಬರ್ 4, ನೌಕಾಪಡಿ ದಿನ. ಕಾರವಾರದ ಬೀಚಿನ್ಯಾಗ ಚಪಲ್ ಹಡಗಿನ ಮ್ಯೂಸಿಯಂ ಐತಲ್ಲ, 1971ರ ಯುದ್ಧದಾಗ ಕರಾಚಿ ಸುಟ್ಟ ಹಡಗು. ಅಲ್ಲೇ ಮಾಡ್ರಿ.

ಸಾಧನಕೇರಿ ಮಳಿ:
ಚಪಲ್ ನೌಕಾಪಡಿಗೆ ಸೇರಿದ್ದ 1976ಕ್ಕ ರೀ, 71ರ ಯುದ್ಧ ಹೆಂಗ ಮಾಡತದ? ಮ್ಯೂಸಿಯಂ ಛಲೋ ಅದ, ಬಾಜೂಕ ಟ್ಯುಪೊಲೆವ್ ವಿಮಾನಾನೂ ಇಟ್ಟಾರ. ಆದ್ರ ಡಿಸೆಂಬರ್ 4ಕ್ಕ ನೌಕಾಪಡಿಯವರಿಗೆ ಅವರದ ಕಾರ್ಯಕ್ರಮ ಇರತಾವು, ಅದರಾಗ ಇದು ಕಳದು ಹೋಗತದ.

ಡೆಲ್ಫ್ಟ್ ಧಾರವಾಡಿ:
ದಿನಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಹ್ಯಾಂಬರ್ಗ್ ಬಂದರಿನವರು 1189ರ ಮೇ 7 ನಮ್ಮ ಹುಟ್ಟುಹಬ್ಬ ಅಂತ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಸೇರಿಸ್ತಾರೆ. ಆ ದಿನಾಂಕದ ಸನ್ನದು ಆಮೇಲೆ ಸೃಷ್ಟಿ ಮಾಡಿದ್ದು ಅಂತ ಅಲ್ಲಿಯ ಇತಿಹಾಸಕಾರರೇ ಹೇಳಿಬಿಟ್ಟಿದ್ದಾರೆ. ಹಬ್ಬ ಮಾತ್ರ ನಿಂತಿಲ್ಲ.

ಅಂಕೋಲೆಯವಳು:
ಸಂಕ್ರಾಂತಿಗೆ ಮಾಡಿ. ಮಸ್ಕತ್ ಮುಟ್ಟಿದ್ದೂ ಜನವರಿ 14ಕ್ಕೇ. ಅದು ಕಾಕತಾಳೀಯವೂ ಅಲ್ಲ ಪೂರ್ತಿ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ, ಅಂದ್ರೆ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸ್ತದೆ. ಬೆನ್ನಿಗೆ ಗಾಳಿ ಇಟ್ಕೊಂಡು ಅರಬ್ಬರ ಕಡೆ ಹೋಗೋ ಕಾಲ ಅದು. ಚೌಕ ಹಾಯಿ ಎದುರು ಗಾಳಿಗೆ ಏನೂ ಮಾಡೋಕಾಗೋದಿಲ್ಲ. ಅದಕ್ಕೇ ಡಿಸೆಂಬರ್ ಕೊನೆಗೆ ಹೊರಟಿದ್ದು. ಹಳೇ ಕಾಲದ ವ್ಯಾಪಾರಿಗಳೂ ಇದೇ ಗಾಳಿ ಹಿಡಿದು ಹೋಗಿ, ನೈಋತ್ಯ ಗಾಳಿಗೆ ವಾಪಸ್ ಬರ್ತಿದ್ರು.

ಬ್ಯಾಡಗಿ ಖಾರ:
ಸಂಕ್ರಾಂತಿ! ಇದು ಬರೊಬ್ಬರಿ. ಹ್ಯಾಂಗೂ ಆವತ್ತು ನಾವು ಬುತ್ತಿ ಕಟಗೊಂಡು ಹೊಳಿಗೆ ಹೋಗ್ತೀವಿ. ಎಳ್ಳು ಹಚ್ಚಿ ಜಳಕ ಮಾಡಿ, ದಂಡಿ ಮ್ಯಾಲ ಕೂತು ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ, ಮಾದೇಲಿ ಹೊಡಿಯೋದು. ಹೊಳಿ ಬದಲಿ ಸಮುದ್ರ ಅಷ್ಟ. ಕರಾವಳಿಯವರು ಮೀನು ತರಲಿ, ನಾವು ರೊಟ್ಟಿ ತರ್ತೀವಿ.

ದುರ್ಗದಬೈಲ್ ಗಿರ್ಮಿಟ್:
ಮೀನಿನ ಮಾತು ತಗದ್ರ ನಮ್ಮನ್ಯಾಗ ಸಂಕ್ರಾಂತಿ ಆಗೂದಿಲ್ರಿ.

ಬ್ಯಾಡಗಿ ಖಾರ:
ನೀವು ಗಿರ್ಮಿಟ್ ತಿನ್ರಿ, ಯಾರು ಬ್ಯಾಡ ಅಂದಾರ. ಮೀನಿನ ಸಾರಿಗೆ ಮೆಣಸಿನಕಾಯಿ ಎಲ್ಲಿದು ಅಂತ ಅಂಕೋಲೆಯವರನ್ನ ಕೇಳ್ರಿ.

ಅಂಕೋಲೆಯವಳು:
ಬ್ಯಾಡಗಿಯದ್ದೇ. ಆ ಬಣ್ಣ ಬೇರೆಯದಕ್ಕೆ ಬರೋದಿಲ್ಲ.

ಸಾಧನಕೇರಿ ಮಳಿ:
ಬಂದರದ ಶೃಂಗಾರಕ್ಕ ಪ್ಲಾಸ್ಟಿಕ್ ತೋರಣ ಮಾತ್ರ ಕಟ್ಟಬ್ಯಾಡ್ರಿ. ಹುಬ್ಬಳ್ಳಿ ಬೆಂಗೇರಿಯೊಳಗ ರಾಷ್ಟ್ರಧ್ವಜ ಹೊಲಿಯೋ ಖಾದಿ ಘಟಕ ಅದ. 2021ರ ಕೊನಿಗೆ ಧ್ವಜಸಂಹಿತೆ ತಿದ್ದಿ ಪಾಲಿಸ್ಟರ್ ಬಟ್ಟಿಗೂ ಪರವಾನಗಿ ಕೊಟ್ಟಮ್ಯಾಲ ಅಲ್ಲಿ ಆರ್ಡರ್ ಇಳದಾವು. ಹಡಗಿನ ಹಬ್ಬಕ್ಕ ಬಣ್ಣದ ಪತಾಕಿ ಎಲ್ಲಾ ಅಲ್ಲೇ ಹೊಲಸ್ರಿ. ಹತ್ತಿ ಅಡತ್ ಅವರ ಅಂಡಿಗಿ ಬಾಜೂಕ ಖಾದಿ ಪತಾಕಿ, ಕಡ್ಡಾಯ ಮಾಡ್ರಿ.

ಹತ್ತಿ ಅಡತ್:
ಅಂಡಿಗಿ ನಾ ಕೊಡ್ತೀನಿ, ಸಾಗಾಣಿಕಿ ಯಾರರೆ ಹೊರ್ರಿ. ಅರಬೈಲ್ ಘಟ್ಟದಾಗ ಲಾರಿಯವರು ಕೇಳೂ ರೇಟ್ ಬ್ಯಾರೇನ ಇರತೈತಿ.

ಲೆಕ್ಕಪತ್ರ:
ಒಂದು ಮುಖ್ಯ ವಿಷಯ ಎಲ್ಲರೂ ಮರೆತಿದ್ದೀರಿ. ಕೌಂಡಿನ್ಯ ನೌಕಾಪಡೆಯ ಹಡಗು. ಅದರ ನೆಲೆ ಕಾರವಾರದ ನೌಕಾನೆಲೆ, ಅಲ್ಲಿಗೆ ಬುತ್ತಿ ಹಿಡ್ಕೊಂಡು ಹೋದರೆ ಗೇಟಿನಲ್ಲೇ ತಿನ್ನಬೇಕು. ಜನ ನೋಡಬೇಕು ಅಂದರೆ ಹಡಗನ್ನ ಬೈತಖೋಲದ ವಾಣಿಜ್ಯ ಬಂದರಿಗೆ ತರಬೇಕು, ಇಲ್ಲ ಬೀಚಿನ ಎದುರು ಲಂಗರು ಹಾಕಿಸಬೇಕು. ಅದಕ್ಕೆ ನೌಕಾಪಡೆ, ಬಂದರು ಇಲಾಖೆ, ಜಿಲ್ಲಾಡಳಿತ ಮೂರೂ ಒಪ್ಪಬೇಕು. ಜನವರಿಯಲ್ಲಿ ಅದು ಯಾವ ಸಮುದ್ರದಲ್ಲಿರುತ್ತೋ ಅದನ್ನೂ ಕೇಳಬೇಕು.

ಸಿಬಿಟಿ ಕೊನೇ ಬಸ್:
ಹಡಗಿಲ್ಲದ ಹಡಗಿನ ಜಾತ್ರಿ ಆದ್ರ ಮಸ್ತ್ ಆಗತೈತಿ.

ಅಂಕೋಲೆಯವಳು:
ಹಡಗು ಬರದಿದ್ರೂ ಒಂದು ರಂಪಣಿ ದೋಣಿ ಹೊಲಿಸಿ ತೋರಿಸ್ಬಹುದು. ಹೊಲಿಯೋದು ನೋಡಿದ ಮುದುಕರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ, ಕೇರಳದ ತಂಡದವರನ್ನ ಕರೆಸಿ ಪಕ್ಕದಲ್ಲಿ ಕೂರಿಸಿದ್ರೆ ನಾಲ್ಕು ಹುಡುಗರು ಕಲೀತಾರೆ. ನನಗೆ ಕೇಳಿದ್ರೆ ಕೌಂಡಿನ್ಯ ಬರೋದಕ್ಕಿಂತ ಇದೇ ಆಗ್ಬೇಕು. ದೊಡ್ಡ ಹಡಗಿಗೆ ದೆಹಲಿ ಇದೆ, ನಮ್ಮ ದೋಣಿಗೆ ಯಾರಿದ್ದಾರೆ?

ಲೆಕ್ಕಪತ್ರ:
ಈ ಖರ್ಚಿಗೆ ನಾನೂ ಚಂದಾ ಕೊಡ್ತೀನಿ. ಬರೆದಿಟ್ಕೊಳ್ಳಿ.

ಡೆಲ್ಫ್ಟ್ ಧಾರವಾಡಿ:
ಮಸ್ಕತ್‌ನಲ್ಲೂ ಹೀಗೇ, ಹೊಲಿಯೋರನ್ನ ಹೊರಗಿನಿಂದ ಕರೆಸಿದ್ರು. 1980ರಲ್ಲಿ ಟಿಮ್ ಸೆವೆರಿನ್ ಅಲ್ಲಿಂದ ‘ಸೊಹಾರ್’ ಅನ್ನೋ ಹೊಲಿದ ಹಡಗಿನಲ್ಲಿ ಚೀನಾಕ್ಕೆ ಹೋದಾಗ ಹೊಲಿದವರು ಲಕ್ಷದ್ವೀಪದ ಕೈಗಳು. 2010ರಲ್ಲಿ ‘ಜುವೆಲ್ ಆಫ್ ಮಸ್ಕತ್’ ಅಲ್ಲಿಂದ ಸಿಂಗಪುರಕ್ಕೆ ಹೋಯ್ತು, ಅಲ್ಲೇ ಮ್ಯೂಸಿಯಂ ಸೇರಿತು. ಸೊಹಾರ್ ಈಗ ಮಸ್ಕತ್‌ನಲ್ಲಿ ರಸ್ತೆ ವೃತ್ತದ ನಡುವೆ ನಿಂತಿದೆ.

ದುರ್ಗದಬೈಲ್ ಗಿರ್ಮಿಟ್:
ಸರ್ಕಲ್‌ನಾಗ ಹಡಗು ಅಂದ್ರ ನಮ್ಮ ಚನ್ನಮ್ಮ ಸರ್ಕಲ್‌ನಾಗ ಮಳಿ ಬಂದಾಗ ಬೇಕಾಗತೈತಿ ಅದು.

ಉಣಕಲ್ ದಂಡಿ:
ಸರಿ ಹಂಗಾದ್ರ. ಜಿಲ್ಲಾಡಳಿತಕ್ಕ ಒಂದು ಮನವಿ ಬರಿಯೂಣು: ಸಂಕ್ರಾಂತಿಗೆ, ಕಾರವಾರದಾಗ, ರಂಪಣಿ ದೋಣಿ ಹೊಲಿಯೋದು, ಹತ್ತಿ ಅಂಡಿಗಿ, ಖಾದಿ ಪತಾಕಿ, ಕೌಂಡಿನ್ಯ ಬಂದ್ರ ಬರಲಿ. ಕಲ್ಬರಹ ಅವರು ಕರಡು ಮಾಡಿ ಕೊಡ್ರಿ, ಇತಿಹಾಸದಾಗ ಯಾರೂ ಬೆರಳು ಇಡಬಾರದು. ಅಂಕೋಲೆಯವರ, ನಿಮ್ಮ ಕೇರಿಯ ಹಿರಿಯರನ್ನ ಒಮ್ಮೆ ಕೇಳಿ ನೋಡ್ರಿ, ಬರ್ತಾರೋ ಇಲ್ಲೋ.

ಅಂಕೋಲೆಯವಳು:
ಕೇಳ್ತೇನೆ. ದಿನಗೂಲಿ ಎಷ್ಟು ಅಂತ ಮೊದಲು ಕೇಳ್ತಾರೆ, ಅದಕ್ಕೆ ಉತ್ತರ ತಯಾರಿಟ್ಕೊಳ್ಳಿ.

ಲೆಕ್ಕಪತ್ರ:
ಬೋಟಿಗೆ ಹೋದವನ ದಿನದ ಪಾಲಿಗಿಂತ ಕಡಿಮೆ ಇರಬಾರದು. ಮನವಿಯಲ್ಲೇ ಸೇರಿಸಿ.

ಸಿಬಿಟಿ ಕೊನೇ ಬಸ್:
ಮತ್ತ ಹಬ್ಬದ ದಿನ ರಾತ್ರಿ ಕಾರವಾರದಿಂದ ಹುಬ್ಬಳ್ಳಿಗೆ ಹೆಚ್ಚಿನ ಬಸ್ ಬೇಕು ಅಂತಾನೂ ಬರೀರಿ. ಸಂಕ್ರಾಂತಿ ಗದ್ದಲದಾಗ ಯಲ್ಲಾಪುರದ ತನಕ ನಿಂತು ಬರಾಕ ಆಗೂದಿಲ್ಲ.